ಹಿಂದಿನ ಸೀಟಿನ ಹೆಂಗಸು

ಮುದ್ದಗಾನಹಳ್ಳಿಯ ಸಪ್ಲಮ್ಮ ಮೂರು ವರ್ಷಕ್ಕೊಮ್ಮೆ ಹೊಸೂರಿಗೆ ಹೋಗುತ್ತಾಳೆ. ಬೇರೇನೂ ಕೆಲಸವಿಲ್ಲ, ಮುಖಕ್ಕೆ ಮೆರುಗು ಹಾಕಿಸಿಕೊಳ್ಳಲು. ಅವಳದು ಹಿತ್ತಾಳೆಯ ಮುಖ. ಎಣ್ಣೆ, ಕರ್ಪೂರದ ಹೊಗೆ ಕುಡಿದು ಕುಡಿದು ಕಪ್ಪಿಟ್ಟಿರುತ್ತದೆ. ಪೇಟೆಯಲ್ಲಿ ಪಾತ್ರೆ ಕೆಲಸದವರು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೊಳೆಯುವಂತೆ ಮಾಡಿ ಕಳಿಸುತ್ತಾರೆ. ತಮಿಳುನಾಡಿನ ಗಡಿಯ ತಳಿ ಎಂಬಲ್ಲಿಂದ ಇನ್ನೂ ಒಳಗಿರುವ ಆ ಊರಿನಿಂದ ಹೊಸೂರಿಗೆ ಇಪ್ಪತ್ತೆಂಟು ಕಿಲೋಮೀಟರು. ಬಸ್ಸಿದೆ, ಜೀಪಿದೆ. ಆದರೆ ಸಪ್ಲಮ್ಮ ಚಕ್ರದ ಮೇಲೆ ಕೂರುವವಳಲ್ಲ. ಅವಳಿಗೆ ಸೀರೆ ಉಡಿಸಿ, ಪೀಠದ ಸಮೇತ ತಲೆಯ ಮೇಲೆ ಹೊತ್ತು, ಉಪವಾಸವಿದ್ದ ಗಂಡಸೊಬ್ಬ ಬರಿಗಾಲಲ್ಲಿ ನಡೆದು ಹೋಗಬೇಕು, ಮಾರನೆಯ ದಿನ ನಡೆದೇ ವಾಪಸು ತರಬೇಕು. ಹಾಗೆ ಹೊರುವ ಹಕ್ಕು ವೆಂಕಟರಾಮಪ್ಪನ ಮನೆಯದು. ಅವನ ಅಪ್ಪ ಹೊತ್ತಿದ್ದ, ತಾತ ಹೊತ್ತಿದ್ದ, ತಾತನ ಕುತ್ತಿಗೆ ಅದರಿಂದಲೇ ಗಿಡ್ಡವಾಯಿತೆಂದು ಊರು ನಂಬಿತ್ತು.

ಈ ಸಲ ವೆಂಕಟರಾಮಪ್ಪ ಅವಳನ್ನು ಎಕ್ಸೆಲ್ ಮೊಪೆಡ್ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದ.

ಬೇಕೆಂದು ಮಾಡಿದ್ದಲ್ಲ. ವಯಸ್ಸು ಐವತ್ತೊಂಬತ್ತು, ಬಲಮಂಡಿ ಮೆಟ್ಟಿಲು ಕಂಡರೆ ಅಳುತ್ತಿತ್ತು. ಆಗುವುದಿಲ್ಲ ಎಂದು ಬಾಯಿಬಿಟ್ಟರೆ ಹಕ್ಕು ದಾಯಾದಿ ತಮ್ಮ ಶ್ಯಾಮಣ್ಣನ ಮನೆಗೆ ಹೋಗುತ್ತದೆ. ಶ್ಯಾಮಣ್ಣನೋ, ಕಳೆದೆರಡು ವರ್ಷದಿಂದ ಎದುರಿಗೆ ಸಿಕ್ಕಾಗಲೆಲ್ಲ ಯೋಗಕ್ಷೇಮ ಕೇಳುತ್ತ ಅವನ ಮುಖವನ್ನು ಬಿಟ್ಟು ಮಂಡಿಯನ್ನೇ ನೋಡುತ್ತಿದ್ದ. ಕೊನೆಗೆ ಉಪಾಯ ಹೇಳಿದವಳು ಹೆಂಡತಿ ಮಂಗಮ್ಮ. ಹಿಂದಿನ ಸಂಜೆ ಹುಲ್ಲು ತರುವ ನೆಪದಲ್ಲಿ ಗಾಡಿಯನ್ನು ಊರ ಗಡಿಯಾಚೆಯ ನೀಲಗಿರಿ ತೋಪಿನಲ್ಲಿ ನಿಲ್ಲಿಸಿ ಬಂದವಳೂ ಅವಳೇ. ನಸುಕಿನಲ್ಲಿ ಊರವರು ತಮಟೆ ಬಡಿದು ಗಡಿಕಲ್ಲಿನವರೆಗೆ ಕಳಿಸಿಕೊಟ್ಟರು. ತಮಟೆ ಸದ್ದು ಹಿಂದಕ್ಕೆ ಹೋದ ಮೇಲೆ ವೆಂಕಟರಾಮಪ್ಪ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಪಂಚೆಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡ. ಮಗಳು ಕೊಡಿಸಿದ ಹೆಲ್ಮೆಟ್ಟು ಒಂದೇ ಇತ್ತು, ತಲೆ ಎರಡು. ಅದು ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಅವನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಏಳು ಗಂಟೆಯೊಳಗೆ ಹೊಸೂರು. ಅಷ್ಟು ಬೇಗ ಬಂದುಬಿಟ್ಟರೆ ಸುದ್ದಿಯಾಗುತ್ತದೆಂದು, ಗಾಡಿಯನ್ನು ಒಂದು ಸಂದಿಯಲ್ಲಿ ಬಿಟ್ಟು, ಕೆರೆಯ ಪಕ್ಕದ ಮರದಡಿ ತಾಯಿಯ ಜೊತೆ ಮಧ್ಯಾಹ್ನ ಮೂರರವರೆಗೆ ಕೂತಿದ್ದ. ಉಪವಾಸ ಮಾತ್ರ ಮುರಿಯಲಿಲ್ಲ. ಮಾರನೆಯ ಸಂಜೆ ತೋಪಿನಿಂದ ಕುಂಟುತ್ತ ಊರೊಳಗೆ ಬಂದಾಗ ಹೆಂಗಸರು ಅವನ ಪಾದಕ್ಕೆ ನೀರು ಹಾಕಿದರು. ಕುಂಟಿದ್ದಂತೂ ನಿಜ.

ಒಂಬತ್ತನೆಯ ದಿನ ಶ್ಯಾಮಣ್ಣ ಬಂದ. ವೆಂಕಟರಾಮಪ್ಪ ಹಿತ್ತಲಲ್ಲಿ ಸೇವಂತಿ ಸಸಿಗೆ ನೀರು ಬಿಡುತ್ತಿದ್ದ, ಮಂಗಮ್ಮ ಪಕ್ಕದಲ್ಲಿ ರಾಗಿ ಕೇರುತ್ತಿದ್ದಳು. ಶ್ಯಾಮಣ್ಣನ ಅಂಗಿಯ ಗುಂಡಿ ಎರಡು ಕಿತ್ತುಹೋಗಿದ್ದವು.

"ಅಣ್ಣೋ, ನನ್ನ ಸಂಸಾರ ಹಾಳಾಗೋಯ್ತು," ಎಂದು ಫೋನು ಚಾಚಿದ. "ನೋಡಿಲ್ಲಿ. ನಂಗೆ ಫೈನು ಬಂದೈತೆ."

ಕೂಟ್ ರೋಡಿನಲ್ಲಿ, ಅಂದರೆ ತಳಿ ರಸ್ತೆ ದೊಡ್ಡ ರಸ್ತೆಗೆ ಸೇರುವಲ್ಲಿ, ಹೊಸದಾಗಿ ನೆಟ್ಟ ಕ್ಯಾಮೆರಾ ಹಿಂದಿನಿಂದ ತೆಗೆದ ಫೋಟೋ. ಬೆಳಿಗ್ಗೆ ಆರೂ ಹತ್ತರ ಮಸುಕು. ಎಕ್ಸೆಲ್ಲಿನ ನಂಬರು ಮಾತ್ರ ಸ್ಪಷ್ಟವಾಗಿತ್ತು. ಸವಾರನ ತಲೆಗೆ ಟವಲು, ಹೆಲ್ಮೆಟ್ಟಿಲ್ಲ. ಅವನ ಬೆನ್ನಿಗೆ ಅಂಟಿಕೊಂಡು, ಸೀರೆಯುಟ್ಟು, ಹೆಲ್ಮೆಟ್ಟು ಹಾಕಿಕೊಂಡು, ಒಬ್ಬ ಹೆಂಗಸು.

ಮಂಗಮ್ಮನ ಮೊರ ನಿಂತಿತು.

ಗಾಡಿಯನ್ನು ವೆಂಕಟರಾಮಪ್ಪ ಶ್ಯಾಮಣ್ಣನಿಂದಲೇ ಆರು ವರ್ಷದ ಹಿಂದೆ ಕೊಂಡದ್ದು. ಹೆಸರು ಬದಲಾಯಿಸಿಕೊಳ್ಳೋಣ, ಮುಂದಿನ ತಿಂಗಳು ಹೋಗೋಣ ಎನ್ನುತ್ತ ಇಬ್ಬರೂ ಆ ಕಚೇರಿಯ ಬಾಗಿಲು ತುಳಿದಿರಲಿಲ್ಲ. ಆ ಸೀಮೆಯಲ್ಲಿ ಅರ್ಧ ಗಾಡಿಗಳು ಹೀಗೆ ಹಳೆಯ ಯಜಮಾನರ ಹೆಸರಿನಲ್ಲೇ ಓಡುತ್ತವೆ.

"ಪಾರ್ವತಿ ಏನಂತಾಳೆ ಗೊತ್ತಾ? ಅವತ್ತು ಬಾವ ಅಮ್ಮನ್ನ ಹೊತ್ಕೊಂಡು ನಡ್ಕೊಂಡೋಗಿದ್ದು ಊರೇ ನೋಡೈತೆ. ಗಾಡಿ ಅವ್ರ ಕೊಟ್ಟಿಗೇಲಿತ್ತು. ಆಗಾಗ ಈಸ್ಕೊಂಡೋಗೋನು ನೀನೊಬ್ನೇ. ಅವತ್ತೇ ನೀನು ಎಮ್ಮೆ ನೋಡಕ್ಕೆ ಅಂಚೆಟ್ಟಿಗೆ ಹೋಯ್ತೀನಿ ಅಂತ ಹೋದೆ, ಬರಿಗೈಲಿ ಬಂದೆ. ಎಮ್ಮೆ ಎಲ್ಲಿ, ಇವ್ಳ್ಯಾರು? ಅಂತಾಳೆ. ಮೂರು ದಿವ್ಸದಿಂದ ಮುದ್ದೆ ಇಕ್ಕಿಲ್ಲ ಕಣಣ್ಣ. ಹೆಲ್ಮೆಟ್ ಬೇರೆ ಹಾಕ್ಸಿದ್ದೀಯ ಮಾರಾಯ್ತಿಗೆ, ನಂಗೊಂದು ದಿನ ಹಾಕ್ಸಿದ್ಯಾ ಅಂತ ಅಳ್ತಾಳೆ."

ಈಗ ಹೇಳಿಬಿಡಬೇಕು ಎಂದುಕೊಂಡು ವೆಂಕಟರಾಮಪ್ಪ ಬಾಯಿ ತೆರೆದ. ಹೇಳಿದರೆ ಹಕ್ಕು ಹೋಗುತ್ತದೆ, ಅದೂ ಇವನ ಮನೆಗೇ. ತೆರೆದ ಬಾಯಿಂದ ಬೇರೆ ಮಾತು ಬಂತು.

"ಶಾಮ, ನನ್ ಗಾಡಿ ಕೊಟ್ಟಿಗೆ ಬಿಟ್ಟು ಅಲ್ಲಾಡಿಲ್ಲ. ಇದು ಕ್ಯಾಮೆರಾ ಮಾಡಿರೋ ಮೋಸ ಕಣ್ಲಾ. ದುಡ್ಡು ಕೀಳಕ್ಕೆ ಇಟ್ಟಿರೋ ಮಿಷನ್ನು."

ಆ ಒಂದು ಮಾತು ಅವನ ಕೈಮೀರಿ ಬೆಳೆಯಿತು. ಸಂಜೆ ಟೀ ಅಂಗಡಿಯಲ್ಲಿ ಶ್ಯಾಮಣ್ಣ ಅದನ್ನು ಎಲ್ಲರಿಗೂ ಹೇಳಿಸಿದ. ಒಮ್ಮೆ ಶುರುಮಾಡಿದ ಮೇಲೆ ವೆಂಕಟರಾಮಪ್ಪನಿಗೆ ತನ್ನ ಮಾತಿನ ರುಚಿ ಹತ್ತಿತು.

"ಫ್ಯಾಕ್ಟ್ರೀಲಿ ಶಿಫ್ಟಿಗೆ ಇಷ್ಟು ಪೀಸು ಅಂತ ಟಾರ್ಗೆಟ್ ಇಲ್ವಾ? ಅಂಗೇ ಇದಕ್ಕೂ. ದಿನಕ್ಕೆ ಇಷ್ಟು ಜನ ಬೇಕು. ತಪ್ಪು ಮಾಡೋರು ಸಾಲ್ದೆ ಹೋದ್ರೆ ಅದೇ ಕೂತ್ಕೊಂಡು ತಯಾರ್ ಮಾಡ್ತದೆ. ಅಲ್ಲೊಂದು ನಂಬರು, ಇಲ್ಲೊಂದು ಸೀರೆ."

ಜೀಪು ಓಡಿಸುವ, ತಮಿಳು ಬೆರೆಸಿ ಮಾತಾಡುವ ಕುಮಾರೇಶ್ ಒಪ್ಪಲಿಲ್ಲ. "ಇಲ್ಲಣ್ಣಾ, ಸುಮ್ನೆ ಪೇಸ್ಬೇಡ. ಆ ಕೂಟ್ ರೋಡಲ್ಲಿ ತಿಂಗ್ಳಿಗೊಂದು ಹೆಣ ಬೀಳ್ತಿತ್ತು. ಕ್ಯಾಮೆರಾ ಬಂದ್ಮೇಲೆ ಒಂದು ಆಕ್ಸಿಡೆಂಟೂ ಆಗಿಲ್ಲ."

"ಆಗಿಲ್ಲ ಅನ್ನಕ್ಕೆ ಫೋಟೋ ಐತಾ?" ಎಂದ ವೆಂಕಟರಾಮಪ್ಪ.

ಅಂಗಡಿ ಹೋ ಎಂದು ನಕ್ಕಿತು. ಕುಮಾರೇಶ್ ಸೋತ. ಫೈನು ಕಟ್ಟಿದ್ದವರು, ಕಟ್ಟದೆ ಅಡಗಿಸಿಟ್ಟವರು, ಹೆಂಡತಿಯಿಂದ ಮುಚ್ಚಿಟ್ಟವರು ಎಲ್ಲರೂ ಒಂದಾದರು. ಎರಡೇ ದಿನದಲ್ಲಿ ವೆಂಕಟರಾಮಪ್ಪ ಕ್ಯಾಮೆರಾದ ವಿರುದ್ಧ ಊರಿನ ಮುಖಂಡನಾದ. ನಿಜ ಗೊತ್ತಿದ್ದದ್ದು ಅವನಿಗೆ, ಮಂಗಮ್ಮನಿಗೆ, ಸಪ್ಲಮ್ಮನಿಗೆ ಮತ್ತು ಆ ಕ್ಯಾಮೆರಾಕ್ಕೆ. ನಾಲ್ವರಲ್ಲಿ ಬಾಯಿಬಿಟ್ಟದ್ದು ಕ್ಯಾಮೆರಾ ಒಂದೇ; ಅದನ್ನೇ ಅವನು ದಿನವೂ ಸುಳ್ಳುಬುರುಕ ಎಂದು ಬೈಯುತ್ತಿದ್ದ.

"ಪಾಪ, ನಿಮ್ಗೆ ಊಟ ಸೇರ್ತದಾ?" ಎಂದು ಮಂಗಮ್ಮ ಒಂದು ರಾತ್ರಿ ಕೇಳಿದಳು. "ಆ ಪಾರ್ವತಿ ಬಾವಿ ಕಟ್ಟೇಲಿ ಯಾರತ್ರಾನೂ ಮಾತಾಡ್ತಿಲ್ಲ."

ಅವನಿಗೂ ಸೇರುತ್ತಿರಲಿಲ್ಲ.

ಭಾನುವಾರ ಶ್ಯಾಮಣ್ಣನ ಮಗ ಸುರೇಂದ್ರ ಹೊಸೂರಿನಿಂದ ಬಂದ. ಫ್ಯಾಕ್ಟರಿಯಲ್ಲಿ ಯೂನಿಯನ್ನಿನ ಹುಡುಗ. ಅಪ್ಪನ ಮರ್ಯಾದೆ ಉಳಿಸಲು ಅವನಿಗೆ ತಿಳಿದಿದ್ದದ್ದು ಒಂದೇ ದಾರಿ. ಫೋಟೋವನ್ನು ಎಂಟಡಿ ಉದ್ದದ ಫ್ಲೆಕ್ಸ್ ಮಾಡಿಸಿ ತಂದಿದ್ದ. ಮಂಗಳವಾರ ಊರೆಲ್ಲ ಅದನ್ನು ಹಿಡಿದು ಹೊಸೂರಿಗೆ ಹೋಗಿ ಕಚೇರಿಯ ಮುಂದೆ ಕೂರುವುದು ಎಂದು ಮಾತಾಯಿತು. ಹಾಲಿನ ಸೊಸೈಟಿಯ ಗೋಡೆಗೆ ಫ್ಲೆಕ್ಸ್ ಬಿಚ್ಚಿ ಕಟ್ಟಿದರು. ಮೇಲೆ ಕೆಂಪಕ್ಷರದಲ್ಲಿ ತಮಿಳಲ್ಲೊಮ್ಮೆ, ಕನ್ನಡದಲ್ಲೊಮ್ಮೆ: ಯಾರ್ ಇಂದ ಪೆಣ್? ಈ ಹೆಂಗಸು ಯಾರು?

ಹೆಂಗಸು ಈಗ ಆಳೆತ್ತರಕ್ಕಿದ್ದಳು. ಜನ ತಲೆ ವಾಲಿಸಿ ವಾಲಿಸಿ ನೋಡಿದರು. ಮೈಕಟ್ಟು ಚೆನ್ನಾಗಿಲ್ಲ, ಸೊಂಟವೇ ಇಲ್ಲ ಎಂದನೊಬ್ಬ. ವೆಂಕಟರಾಮಪ್ಪ ಕೆನ್ನೆ ಕೆನ್ನೆ ಬಡಿದುಕೊಳ್ಳಬೇಕೆನಿಸಿ, ಕೈಯನ್ನು ಬಗಲಲ್ಲಿ ಅದುಮಿಕೊಂಡ.

ಹೆಂಗಸರ ಗುಂಪಿನಿಂದ ಶ್ಯಾಮಣ್ಣನ ಹೆಂಡತಿ ಪಾರ್ವತಮ್ಮ ಎದ್ದು ಬಂದಳು. ಅಷ್ಟು ದಿನ ಫೋನಿನಲ್ಲಿ ಅವಳು ಗಂಡನ ಬೆನ್ನನ್ನೇ ಹುಡುಕಿದ್ದಳು. ಈಗ ಸೀರೆ ನೋಡಿದಳು. ಅಂಚಿನ ಮೇಲೆ ಬೆರಳಿಟ್ಟು ಒಂದು ನವಿಲು, ಎರಡು ನವಿಲು ಎಂದು ಮುಟ್ಟುತ್ತ ಹೋದಳು. ಆಮೇಲೆ ತಿರುಗಿದಳು, ಗಂಡನ ಕಡೆಗಲ್ಲ.

"ಬಾವ. ಸುರೇಂದ್ರ ಪರ್ಮನೆಂಟ್ ಆದಾಗ ನಾನು ಅಮ್ಮಂಗೆ ಹರಕೆ ಒಪ್ಸಿದ್ ಸೀರೆ ಇದು. ಅವತ್ತು ಬೆಳಿಗ್ಗೆ ನಾನೇ ನೆರಿಗೆ ಹಿಡ್ದು ಉಡ್ಸಿ, ನಿಮ್ ತಲೆ ಮ್ಯಾಲೆ ಇಟ್ಟು ಕಳ್ಸಿದ್ದು. ದೇವ್ರ ಮೈಮೇಲಿನ ಸೀರೆ ಬಿಚ್ಚಿ ಯಾವಳಿಗೆ ಉಡ್ಸುದ್ರಿ?"

ಸುಳ್ಳಿಗೆ ಇನ್ನು ಒಂದಡಿಯೂ ಜಾಗವಿರಲಿಲ್ಲ.

"ಯಾವಳಿಗೂ ಅಲ್ಲ ಕಣಮ್ಮ," ಎಂದ ವೆಂಕಟರಾಮಪ್ಪ. "ಅದು... ಅಮ್ಮನೇ."

ಒಬ್ಬ ಕೈಮುಗಿದ. ಅವನನ್ನು ನೋಡಿ ಇನ್ನೊಬ್ಬ. ನೋಡುನೋಡುತ್ತ ಊರೆಲ್ಲ ಫ್ಲೆಕ್ಸಿಗೆ ಕೈಮುಗಿದು ನಿಂತಿತು. ಸೊಂಟವಿಲ್ಲ ಎಂದಿದ್ದವನು ನೆಲಕ್ಕೆ ಬಿದ್ದಿದ್ದ.

ಗುಡಿಯ ವಿಷಯಕ್ಕೆ ಕೊನೆಯ ಮಾತು ಗಂಗರತ್ನಮ್ಮನದು. ಎಂಬತ್ತು ದಾಟಿದ ಮುದುಕಿ, ಕಟ್ಟೆಯಿಂದ ಏಳಲೂ ಇಲ್ಲ. "ಹೆಲ್ಮೆಟ್ಟು ನೀನ್ ಹಾಕ್ಕೊಳ್ದೆ ಅವ್ಳಿಗೆ ಹಾಕ್ದಾ?"

"ಹೂನಜ್ಜಿ."

"ಸದ್ಯ."

ಶ್ಯಾಮಣ್ಣನಿಗೆ ಸಂಸಾರ, ಮರ್ಯಾದೆ ಎರಡೂ ಒಟ್ಟಿಗೇ ವಾಪಸಾಗಿದ್ದವು, ಮೂರನೆಯದಕ್ಕೂ ಕೈಚಾಚಿದ. "ಅಜ್ಜಿ, ಕಟ್ಟು ಮುರಿದ್ಮೇಲೆ ಹೊರೋ ಹಕ್ಕು ನಮ್ಮನೆಗೆ ಬರ್ಬೇಕಲ್ವಾ?"

"ಬರ್ಲಿ. ಚಕ್ರದ ಮ್ಯಾಲೆ ಹೋಗಿದ್ದು ಲೆಕ್ಕಕ್ಕಿಲ್ಲ. ಶುಕ್ರವಾರ ಅವ್ಳು ಮತ್ತೆ ನಡ್ಕೊಂಡು ಹೋಗ್ಬೇಕು. ಇಬ್ರೂ ಹೋಗಿ. ಸರದಿ ಮೇಲೆ ಹೊತ್ಕೊಳ್ಳಿ. ಕೊನೇಗೆ ಯಾರ ತಲೆ ಮೇಲೆ ಪೇಟೆ ಸೇರ್ತಾಳೋ ಹಕ್ಕು ಅವ್ರ ಮನೆಗೆ."

"ಇಬ್ರೂನಾ? ಗಾಡಿ ಓಡ್ಸಿದೋನು ಅವ್ನು. ನಾನೇನ್ ಮಾಡ್ದೆ?"

"ಗಾಡಿ ಯಾರ ಹೆಸರಲ್ಲೈತ್ಲಾ?" ಎಂದಳು ಮುದುಕಿ. "ಸರ್ಕಾರಕ್ಕೆ ಒಂದು ನ್ಯಾಯ, ಸಪ್ಲಮ್ಮಂಗೆ ಒಂದು ನ್ಯಾಯನಾ?"

ಶುಕ್ರವಾರ ಹೊರಟರು. ಮೊದಲ ಹನ್ನೆರಡು ಕಿಲೋಮೀಟರು ಶ್ಯಾಮಣ್ಣ ತಾಯಿಯನ್ನು ಇಳಿಸಲೇ ಇಲ್ಲ. ಸರದಿ ಕೇಳಿದರೆ "ನಿನ್ ಮಂಡಿ ನೋಡ್ಕೊಳಣ್ಣ" ಎನ್ನುತ್ತಿದ್ದ. ಹಿಂದೆ ಕುಂಟುತ್ತ ಬರುತ್ತಿದ್ದ ವೆಂಕಟರಾಮಪ್ಪನಿಗೆ, ಮೂರು ವರ್ಷದಲ್ಲಿ ವಾಹನ ಹೆಚ್ಚಿದ್ದ ಆ ರಸ್ತೆ ಹೊಸದಾಗಿ ಕಂಡಿತು. ಗಾಡಿಯಲ್ಲಿ ಹೋದಾಗ ಅದು ರಸ್ತೆ, ಅಷ್ಟೆ. ನಡೆಯುವವನಿಗೆ ಅದೊಂದು ಬೇಟೆ. ಗುಲಾಬಿ ತುಂಬಿದ ವ್ಯಾನುಗಳು ಮೊಣಕೈ ಸವರಿದವು. ಕಂಪನಿ ಬಸ್ಸೊಂದು ಇಬ್ಬರನ್ನೂ ದೇವರ ಸಮೇತ ಬೇಲಿಗೆ ಒತ್ತಿ ಹಾರ್ನ್ ಹೊಡೆದು ಹೋಯಿತು. ಅದಾದ ಮೇಲೆ ಶ್ಯಾಮಣ್ಣ ತಾಯಿಯನ್ನು ಅಣ್ಣನ ತಲೆಗೆ ದಾಟಿಸಿದ. ಹದಿನೆಂಟನೆಯ ಕಿಲೋಮೀಟರಿಗೆ ಅವನ ಎರಡೂ ಹಿಮ್ಮಡಿ ಬೊಬ್ಬೆಯೆದ್ದಿದ್ದವು.

ಮಧ್ಯಾಹ್ನದ ಹೊತ್ತಿಗೆ ಕೂಟ್ ರೋಡು. ಅಲ್ಲಿ ಒಂದು ವಿಚಿತ್ರ ನಡೆಯಿತು. ಗ್ರಾನೈಟ್ ಲಾರಿಗಳು, ಕಾಲೇಜು ಹುಡುಗರ ಬೈಕುಗಳು, ಅದೇ ಕಂಪನಿ ಬಸ್ಸುಗಳು, ಎಲ್ಲವೂ ಕ್ಯಾಮೆರಾದ ಕಂಬ ಕಂಡೊಡನೆ ಬಾಣಂತಿ ಹೆಜ್ಜೆ ಹಾಕಿದವು. ಲಾರಿಯವನೊಬ್ಬ ಪೂರ್ತಿ ನಿಲ್ಲಿಸಿ, ದೇವರಿಗೆ ಕೈಮುಗಿದು, ದಾಟಿ ಎಂದು ಸನ್ನೆ ಮಾಡಿದ. ತಾಯಿಯನ್ನು ಹೊತ್ತ ವೆಂಕಟರಾಮಪ್ಪ ನಾಲ್ಕು ದಾರಿ ಕೂಡುವ ಆ ಜಾಗವನ್ನು ಅಂಗಳ ದಾಟಿದಂತೆ ದಾಟಿದ. ನೂರು ಮಾರು ಆಚೆಗೆ ಅದೇ ಲಾರಿ ಗೇರು ಬದಲಾಯಿಸಿ ಭೂಮಿ ಅದುರುವಂತೆ ಓಡಿತು.

"ಕುಮಾರೇಶ ಹೇಳಿದ್ದು ಸುಳ್ಳಲ್ಲ," ಎಂದ ವೆಂಕಟರಾಮಪ್ಪ.

"ನೀನ್ ಹೇಳಿದ್ದೂ ಸುಳ್ಳಲ್ಲ. ದುಡ್ಡು ಕೀಳೋ ಮಿಷನ್ನೇ, ನಂಗೆ ಸಾವ್ರ ಹೋಯ್ತು," ಎಂದು ಶ್ಯಾಮಣ್ಣ ಕಂಬದ ಬುಡದಲ್ಲೇ ಕುಸಿದು ಕೂತ. ಹಿಮ್ಮಡಿ ತಿರುಗಿಸಿ ನೋಡಿಕೊಂಡ. "ಅಣ್ಣೋ, ಈಗ ನನ್ ಸರದಿ ಅಲ್ವಾ?"

"ಹೂಂ. ಇಳಿಸ್ಲಾ?"

ಶ್ಯಾಮಣ್ಣ ಮುಂದಿನ ರಸ್ತೆಯನ್ನು ನೋಡಿದ. ಕ್ಯಾಮೆರಾದ ಎಲ್ಲೆ ಮುಗಿದದ್ದೇ ತಡ ವಾಹನಗಳು ಹಗ್ಗ ಕಿತ್ತ ಹೋರಿಗಳಂತೆ ನುಗ್ಗುತ್ತಿದ್ದವು.

"ಬ್ಯಾಡ. ನಿಮ್ ತಾತಂದು, ನಿಮ್ಮಪ್ಪಂದು. ನಿಮ್ಮನೇಲೇ ಇರ್ಲಿ ಬುಡು," ಎಂದ. ಕಂಬ ಹಿಡಿದು ಎದ್ದು, "ಮುಂದಿನ ಕ್ಯಾಮೆರಾ ಎಲ್ಲೈತೆ?" ಎಂದು ಕೇಳಿದ.

"ಹೊಸೂರು ಬಸ್ ಸ್ಟ್ಯಾಂಡ್ ತಾವ."

"ಅಲ್ಲೀಗಂಟ?"

ತಲೆಯ ಮೇಲೆ ದೇವರಿದ್ದುದರಿಂದ ವೆಂಕಟರಾಮಪ್ಪ ತಿರುಗಿ ನೋಡುವಂತಿರಲಿಲ್ಲ.

"ಅಲ್ಲೀಗಂಟ ಅಂಚಲ್ಲಿ ನಡ್ಯೋದು," ಎಂದ. ಮೊದಲು ಎಡಗಾಲು ಇಟ್ಟ, ಆಮೇಲೆ ಹಲ್ಲುಕಚ್ಚಿಕೊಂಡು ಬಲಗಾಲು.