ಅಪ್ಪ ಒಡೆದ ಗಿಟಾರ್

ಮೂರನೇ ಸಲ ಗೋಡೆಗೆ ಬಡಿದಾಗಲೂ ಗಿಟಾರ್ ಒಡೆಯಲಿಲ್ಲ. ಗೋಡೆಯ ಸುಣ್ಣ ಉದುರಿತು. ಒಂದು ತಂತಿ ಕಿತ್ತು ಬಂದು ಅವನ ಕೆನ್ನೆ ಗೀರಿತು.

ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡಿದ್ದ. ಒಂದು ಕಾಲದಲ್ಲಿ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡಿದ ಮನುಷ್ಯ ಹೀಗೆ ಅಂಗಿಯ ತೋಳು ಮಡಚಿಕೊಂಡು ಒಂದು ಸೆಕೆಂಡ್‌ಹ್ಯಾಂಡ್ ಗಿಟಾರಿನ ಜೊತೆ ಹೆಣಗುವುದನ್ನು ಯಾರಾದರೂ ನೋಡಿದರೆ ಏನು ಹೇಳುವುದು? ಕೆಲಸ ಅನ್ನಬೇಕು. ಕೆಲಸವೇ ತಾನೇ. ಸಂಗೀತ ಕಂಪನಿಯಲ್ಲಿ ಅವನದು ಬರೆಯುವ ಕೆಲಸ. ಹಾಡುವವರ ಬಗ್ಗೆ ಜನ ಏನು ತಿಳಿಯಬೇಕೋ ಅದನ್ನು ಬರೆಯುವುದು. ಆಫೀಸಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಅಂತ ಕರೆಯುತ್ತಿದ್ದರು. ಗೌರವಕ್ಕೋ ಗೇಲಿಗೋ ಅವನು ಕೇಳಲು ಹೋಗಿರಲಿಲ್ಲ.

ನಾಲ್ಕು ಗಂಟೆಗೆ ಕೆಳಗಿನ ಹಾಲಿನಲ್ಲಿ ಕಂಪನಿಯ ಹಾಡುಗಾರ ಕಿಡಿಯ ವಸ್ತುಗಳ ಪ್ರದರ್ಶನ. ಕಿಡಿ ಬೆವರಿದ ಬನಿಯನ್, ಕಿಡಿ ಗೀಚಿ ಬಿಸಾಡಿದ ಹಾಡುಗಳು, ಕಿಡಿ ಸ್ಟೇಜಿನಿಂದ ಒದ್ದು ಕೆಡವಿದ ಸ್ಪೀಕರ್. ನಡುವೆ ಒಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಕಿಡಿಯ ಅಪ್ಪ ಒಡೆದ ಗಿಟಾರ್ ಇರಬೇಕಿತ್ತು. ಇರಲಿಲ್ಲ. ಕಿಡಿಯ ಅಪ್ಪ ಯಾವ ಗಿಟಾರನ್ನೂ ಒಡೆದಿರಲಿಲ್ಲ.

ಒಡೆದವನು ಇವನು. ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಎರಡು ಸಾಲಿನಲ್ಲಿ.

ಆಗ ಕಿಡಿ ಇನ್ನೂ ಕಿಡಿಯಾಗಿರಲಿಲ್ಲ. ಆ ಹೆಸರಿಟ್ಟವನೂ ಇವನೇ. ಎಣ್ಣೆ ಹಚ್ಚಿ ತಲೆ ಬಾಚಿ, ಕುರ್ಚಿಯ ತುದಿಯಲ್ಲಿ ಕೂತು, ಕೇಳಿದ್ದಕ್ಕೆಲ್ಲ "ಹೌದು ಸಾರ್" ಅನ್ನುವ ಹುಡುಗ. ಗಂಟಲು ಮಾತ್ರ ಹೆಂಚು ಹಾರಿಸುವಂಥದ್ದು. ಕಂಪನಿ ನಡೆಸುವ ಮೇಡಂ ತಲೆ ಮೇಲೆ ಕೈ ಹೊತ್ತಿದ್ದರು. "ಇಷ್ಟು ಮುದ್ದಾಗಿ ಬೆಳೆದೋನು ಯಾಕೆ ಕಿರುಚ್ತಾನೆ ಅಂತ ಜನ ಕೇಳಲ್ವಾ? ಒಂದು ಗಾಯ ಬೇಕು ಮೇಷ್ಟ್ರೇ."

ಇವನು ಗಾಯ ಮಾಡಿಕೊಟ್ಟ. 'ಬಡಗಿಯಾಗಿದ್ದ ಅಪ್ಪ ಮಗನ ಮೊದಲ ಗಿಟಾರನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಆ ಸದ್ದೇ ಮಗನ ಮೊದಲ ಹಾಡು.' ಬಡಗಿ ಅನ್ನುವುದೊಂದೇ ನಿಜ.

ಹುಡುಗ ಓದಿ ನಕ್ಕಿದ್ದ. "ನಮ್ಮಪ್ಪ ಇರುವೆ ತುಳಿದ್ರೂ ಮರುಗೋರು ಸಾರ್," ಅಂದಿದ್ದ. ಆಮೇಲೆ ಸಹಿ ಹಾಕಿದ್ದ.

ಈಗ ಕಿಡಿ ಸ್ಟೇಜ್ ಹತ್ತಿದರೆ ಹತ್ತು ಸಾವಿರ ಜನ 'ಒಡಿ ಅಪ್ಪ ಒಡಿ' ಅಂತ ಕೂಗುತ್ತಾರೆ. ಕಂಡಿರದ ಆ ಅಪ್ಪನ ಮೇಲೆ ಹಲ್ಲು ಕಡಿಯುತ್ತಾರೆ. ಇವನೂ ಆ ಅಪ್ಪನನ್ನು ಕಂಡಿರಲಿಲ್ಲ. ಕಾಣುವ ಅಗತ್ಯ ಬಿದ್ದಿರಲಿಲ್ಲ.

ಆ ಸಾಲು ಬರೆದ ದಿನ ಖುಷಿಯಾಗಿತ್ತು, ಅದೇ ಅವನನ್ನು ಇವತ್ತಿಗೂ ಕೊರೆಯುವುದು. ಅವನ ಸ್ವಂತ ಅಪ್ಪ ಏನನ್ನೂ ಒಡೆದವರಲ್ಲ. ಮಗ ಕವಿತೆ ಬರೆದ, ಬಿಟ್ಟ. ಪಾಠ ಹೇಳಿದ, ಬಿಟ್ಟ. ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಒಡೆಯುವುದಕ್ಕಾದರೂ ಒಂದು ಸಲ ಈ ಕಡೆ ನೋಡಬೇಕಲ್ಲ. ಹಾಗೆ ನೋಡುವ ಒಬ್ಬ ಅಪ್ಪನನ್ನು ಬೇರೆಯವರ ಮಗನಿಗೆ ಬರೆದುಕೊಟ್ಟು ಅವನು ಹೊಟ್ಟೆ ತಣ್ಣಗೆ ಮಾಡಿಕೊಂಡಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. "ಮೇಷ್ಟ್ರೇ, ಬಡಗಿ ಬಂದಿದಾರೆ," ಅಂದ ಗೇಟಿನವನು.

ಬಡಗಿಯೊಬ್ಬರಿಗೆ ಬೆಳಿಗ್ಗೆಯೇ ಹೇಳಿಕಳಿಸಿದ್ದ, ಅವರೇ ಇರಬೇಕು. ವಯಸ್ಸಾದವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಹೆಬ್ಬೆರಳಿನ ಉಗುರು ಸುತ್ತಿಗೆಯ ಪೆಟ್ಟಿನಿಂದ ಕಪ್ಪಾಗಿತ್ತು.

"ಬನ್ನಿ ಬನ್ನಿ. ಇದನ್ನ ಒಡೀಬೇಕಿತ್ತು."

"ರಿಪೇರಿನಾ?"

"ಅಲ್ಲ, ಒಡೀಬೇಕು. ಕೋಪದಲ್ಲಿ ಒಡೆದ ಹಾಗಿರಬೇಕು. ಗರಗಸ ಹಾಕಿದ್ದು ಗೊತ್ತಾಗಬಾರದು."

ಅವರು ಗಿಟಾರನ್ನು ತಿರುಗಿಸಿ ನೋಡಿದರು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಹತ್ತಿರ ತಂದರು. "ಚೆನ್ನಾಗಿದೆಯಲ್ಲ. ಯಾಕೆ ಒಡೀಬೇಕು?"

"ಹಾಡೋನು ಕಿಡಿ ಗೊತ್ತಲ್ಲ, ಅವರಪ್ಪ ಒಡೆದಿದ್ದು ಇದು. ಅಂದ್ರೆ, ಇದಲ್ಲ. ಅಸಲಿ ಸಿಗ್ತಿಲ್ಲ."

"ಅದು ಮನೇಲಿದೆ," ಅಂದರು ಅವರು. "ನಾನೇ ಮಾಡಿಕೊಟ್ಟಿದ್ದು. ವಾರಕ್ಕೊಂದು ಸಲ ಒರೆಸಿಡ್ತೀನಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂರಬೇಕು ಅನಿಸಿತು. ರೂಮಿನಲ್ಲಿ ಒಂದೇ ಕುರ್ಚಿ ಇತ್ತು. ಅದನ್ನು ಅವರತ್ತ ದೂಡಿ ತಾನು ರಟ್ಟಿನ ಡಬ್ಬದ ಮೇಲೆ ಕೂತ.

"ಗೇಟಲ್ಲಿ ಬಡಗಿ ಅಂದೆ, ಬಿಟ್ಟುಬಿಟ್ರು," ಅಂದರು ಅವರು ತಪ್ಪು ಮಾಡಿದವರಂತೆ. "ಅಪ್ಪ ಅನ್ನೋಕೆ ಧೈರ್ಯ ಬರಲಿಲ್ಲ. ಹೊರಗೆ ಅಷ್ಟು ಹುಡುಗರು ನಿಂತಿದಾರೆ."

"ನನ್ನಿಂದ ಏನಾಗಬೇಕಿತ್ತು?"

"ಎರಡು ಸಾಲು ಬರೆದುಕೊಡಿ."

ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಮರಗೆಲಸ ಹೇಳಿಕೊಡುತ್ತಿದ್ದರಂತೆ. ಸ್ಟೂಲು, ಹಕ್ಕಿಗೂಡು, ಪೆನ್ನಿನ ಡಬ್ಬಿ. ಹೋದ ತಿಂಗಳು ಯಾರೋ ಗುರುತು ಹಿಡಿದಿದ್ದಾರೆ, ಆ ಅಪ್ಪ ಇವರೇ ಎಂದು. ಸ್ವಂತ ಮಗನ ಮೇಲೆ ಕೈ ಮಾಡಿದವನ ಹತ್ತಿರ ನಮ್ಮ ಮಕ್ಕಳನ್ನು ಕಳಿಸೋದಿಲ್ಲ ಅಂತ ತಾಯಂದಿರು ಪಟ್ಟು ಹಿಡಿದಿದ್ದಾರೆ. "ಹೆಡ್‌ಮಾಸ್ಟರು ಒಳ್ಳೆಯೋರು. ನಾಳೆ ಬೆಳಿಗ್ಗೆ ಸಭೆ ಇದೆ, ಅದು ಸುಳ್ಳು ಅಂತ ಕಂಪನಿ ಕಾಗದದಲ್ಲಿ ಬರೆಸಿಕೊಂಡು ಬನ್ನಿ, ಎಲ್ಲರ ಮುಂದೆ ಓದ್ತೀನಿ ಅಂದ್ರು. ಇಲ್ದಿದ್ರೆ ನಾಡಿದ್ದಿಂದ ಬರಬೇಡಿ ಅಂದ್ರು."

"ಅದನ್ನ ಬರೆದಿದ್ದು..."

"ನೀವೇ ಅಂತ ಗೊತ್ತು. ಜಗಳಕ್ಕೆ ಬಂದಿಲ್ಲ ಸಾರ್. ಮಗೂಗೆ ಒಳ್ಳೇದಾಯ್ತಲ್ಲ."

ಎರಡು ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕಾಗದ ತೆಗೆದುಕೊಳ್ಳಲಿಲ್ಲ, ಫೋನ್ ತೆಗೆದುಕೊಂಡ. "ಒಂದು ಮಾತು ಮಗನನ್ನೇ ಕೇಳಿಬಿಡೋಣ." ಗೂಬೆಯನ್ನು ಇನ್ನೊಬ್ಬರ ತಲೆ ಮೇಲೆ ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು.

"ಅವನ ದನಿ ನನಗೂ ಕೇಳಿಸುತ್ತಾ?" ಅಂದರು ಅವರು. ಸ್ಪೀಕರ್ ಹಾಕಿದ. ಹಾಕಿರುವುದನ್ನು ಕಿಡಿಗೆ ಹೇಳಲಿಲ್ಲ.

"ಅಪ್ಪ ಬಂದಿದಾರಾ?" ಅಂದ ಕಿಡಿ. "ಊಟ ಆಯ್ತಂತಾ?" ಆಮೇಲೆ ಎಲ್ಲ ಕೇಳಿಸಿಕೊಂಡ. "ಬರೆದುಕೊಡಿ ಸಾರ್. ಪಾಪ." ಹೇಳಿ ಮುಗಿಸುವಷ್ಟರಲ್ಲಿ ತಾನೇ ತಡೆದ. "ಬೇಡ, ತಡೀರಿ. ಅದು ಸುಳ್ಳು ಅಂತ ನಿಮಗೆ ಗ್ಯಾರಂಟಿನಾ?"

"ನೀನೇ ಹೇಳಿದ್ಯಲ್ಲಪ್ಪ."

"ಆಗ ಹೇಳಿದ್ದೆ. ಈಗ ನನಗೆ ನೆನಪಿದೆ ಸಾರ್. ಅಂಗಳದ ಕಡೆ ಗೋಡೆ. ಅಪ್ಪ ಎರಡೂ ಕೈಯಲ್ಲಿ ಎತ್ತಿದ್ದು. ಸದ್ದು ಕೂಡ. ಆರು ವರ್ಷದಿಂದ ಅದನ್ನ ನೆನೆಸಿಕೊಂಡೇ ಸ್ಟೇಜ್ ಹತ್ತೋದು ನಾನು. ನಡೀಲೇ ಇಲ್ಲ ಅಂತ ನೀವು ಬರೆದ್ರೆ ನಾನು ಏನು ಹಾಡಲಿ?" ಫೋನಿನ ಆಚೆ ಯಾರೋ ಅವನನ್ನು ಕರೆದರು. "ಐದಕ್ಕೆ ಬರ್ತೀನಿ. ನೋಡಿ ಏನಾದ್ರೂ ಮಾಡಿ ಸಾರ್. ನೀವು ಚೆನ್ನಾಗಿ ಬರೀತೀರ."

ಫೋನ್ ಕಟ್ಟಾಯಿತು. ಅವನಿಗೆ ತಲೆಯೆತ್ತಲು ಆಗಲಿಲ್ಲ.

"ನಮ್ಮನೇಲಿ ಅಂಗಳ ಇಲ್ಲ," ಅಂದರು ಅಪ್ಪ ನಿಧಾನವಾಗಿ. "ಬಾಗಿಲು ತೆಗೆದ್ರೆ ಬೀದಿ." ಮತ್ತೆ ಯೋಚಿಸಿದರು. "ಆದ್ರೆ ಅವನು ಸುಳ್ಳು ಹೇಳೋನಲ್ಲ. ಪರೀಕ್ಷೆ ಹೊತ್ತಲ್ಲಿ ಒಂದ್ಸಲ ಗದರಿದ್ದೆ. ಸಾಕು ಮಾಡು ಅಂದಿದ್ದೆ, ಜೋರಾಗಿ. ಮಗೂಗೆ ಅದೇ ಹಾಗೆ ಕಂಡಿರಬೇಕು. ತಪ್ಪು ನನ್ನದೂ ಇರುತ್ತೆ."

"ಇಲ್ಲ, ಇಲ್ಲ. ನಿಮ್ಮದೇನೂ ಇಲ್ಲ," ಅಂದ ಅವನು. ಇದ್ದರೆ ಎಷ್ಟು ಚೆನ್ನಾಗಿತ್ತು ಅಂತ ಒಳಗೇ ಅನಿಸಿ ಹೇಸಿಗೆಯಾಯಿತು.

ಅವರು ಎದ್ದರು. ಗಿಟಾರನ್ನು ಕೈಗೆತ್ತಿಕೊಂಡರು. "ನೀವು ಹೊಟ್ಟೆ ಕಡೆಯಿಂದ ಬಡಿದಿದೀರಿ. ಹಾಗೆ ಜನ್ಮದಲ್ಲಿ ಒಡೆಯಲ್ಲ. ಮರಕ್ಕೆ ಎಳೆ ಅಂತ ಇರುತ್ತೆ, ಎಳೆಗುಂಟ ಸೀಳೋಕೆ ಬಿಡಬೇಕು. ಕತ್ತು ಕೂಡೋ ಕಡೆ ತಗಲಬೇಕು, ಇಲ್ಲಿ."

ಬೇಡ ಬಿಡಿ ಅನ್ನಬಹುದಿತ್ತು. ಗಂಟೆ ಎರಡೂವರೆಯಾಗಿತ್ತು, ಕೆಳಗೆ ಪೆಟ್ಟಿಗೆ ಖಾಲಿ ಇತ್ತು. ಅವನು ಸುಮ್ಮನಿದ್ದ. ಈ ಸಲ ಒಂದಕ್ಷರವನ್ನೂ ಬರೆಯಬೇಕಾಗಿರಲಿಲ್ಲ.

ಅಪ್ಪ ಎರಡೂ ಕೈಯಲ್ಲಿ ಎತ್ತಿದರು. ಒಂದೇ ಪೆಟ್ಟು. ಕತ್ತು ಮುರಿದು ತಂತಿಗಳಲ್ಲಿ ಜೋತುಬಿತ್ತು, ಎದೆಯ ಹಲಗೆ ಉದ್ದಕ್ಕೂ ಸೀಳಿತು. ತಂತಿಗಳ ಝೇಂಕಾರ ರೂಮಿನಲ್ಲಿ ತುಂಬ ಹೊತ್ತು ನಿಂತಿತು.

"ಹೀಗಾ?" ಅಂದರು ಅವರು.

ಸದ್ದಿಗೆ ಮೇಡಂ ಓಡಿ ಬಂದರು. ಗಿಟಾರ್ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇದನ್ನ ನೋಡಿದ್ರೆ ಅಳು ಬರುತ್ತೆ ಮೇಷ್ಟ್ರೇ. ಅವನು ಎಂಥ ರಾಕ್ಷಸ ಇರಬೇಕು." ಅಪ್ಪನ ಕಡೆ ತಿರುಗಿ, "ಒಳ್ಳೆ ಕೆಲಸಗಾರರು ನೀವು. ಟೀ ಕುಡಿದು ಹೋಗಿ," ಅಂದರು. ಗಿಟಾರನ್ನು ಎಳೆಗೂಸಿನಂತೆ ತೋಳಲ್ಲಿ ಹೊತ್ತುಕೊಂಡು ಹೋದರು.

ಇವರು ಯಾರು ಅಂತ ಅವನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

"ನಾನು ಕೆಳಗೆ ಕಾಯ್ತೀನಿ," ಅಂದರು ಅಪ್ಪ ಚೀಲ ಎತ್ತಿಕೊಳ್ಳುತ್ತ. "ಬರೆದು ತನ್ನಿ."

ಅವನು ತನ್ನ ಮೇಜಿಗೆ ಹೋಗಿ ಕಂಪನಿಯ ಕಾಗದ ತೆಗೆದ. 'ಇವರು ಎಂದೂ ಗಿಟಾರ್ ಒಡೆದವರಲ್ಲ' ಅಂತ ಬರೆದ. ಬರೆದು ನೋಡಿದ. ಇವನ ಕಣ್ಣೆದುರೇ ಒಡೆದರಲ್ಲ. ಆರು ವರ್ಷ ಸುಳ್ಳಿನ ಅನ್ನ ಉಂಡವನಿಗೆ ಇವತ್ತು ಸತ್ಯದ ಮಡಿ ಬಂದಿತ್ತು. ಹಾಳೆ ಹರಿದ. ಇನ್ನೊಂದು ತೆಗೆದ.

ಬರೆಯಬೇಕಾದ ಎರಡು ಸಾಲು ಅವನಿಗೆ ಗೊತ್ತಿತ್ತು. 'ಆ ಕತೆ ಸುಳ್ಳು. ಅದನ್ನು ಕಟ್ಟಿದವನು ನಾನು.' ಕೆಲಸ ಹೋಗುತ್ತದೆ, ಕಿಡಿ ಮುಗಿಯುತ್ತಾನೆ, ಒಬ್ಬ ಮುದುಕ ಮಕ್ಕಳಿಗೆ ಹಕ್ಕಿಗೂಡು ಮಾಡುವುದನ್ನು ಹೇಳಿಕೊಡುತ್ತಾನೆ. ತಕ್ಕಡಿಗೆ ಹಾಕಿದರೆ ಯಾವ ಕಡೆ ತೂಗುತ್ತದೆ ಅಂತ ಪಾಠ ಹೇಳುವಾಗ ಹುಡುಗರಿಗೆ ಎಷ್ಟು ಸಲ ಕೇಳಿದ್ದ. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದರಲ್ಲಿ 'ಕಟ್ಟಿದವನು' ಅನ್ನುವಲ್ಲಿಗೆ ಪೆನ್ನು ನಿಂತಿತು. ಮುಂದಿನ ಒಂದು ಪದಕ್ಕಾಗಿ ಒಂದೂಕಾಲು ಗಂಟೆ ಕೂತ, ಅದು ಬರಲಿಲ್ಲ.

ಕೆಳಗೆ ಗದ್ದಲವೆದ್ದಿತು. ಬಾಗಿಲು ತೆರೆದಿರಬೇಕು. ಅರ್ಧ ಬರೆದ ಹಾಳೆ ಹಿಡಿದು ಮೆಟ್ಟಿಲಿನ ತಿರುವಿನ ತನಕ ಇಳಿದ.

ಕಾಯುವ ಬೆಂಚು ಖಾಲಿಯಾಗಿತ್ತು. ಕಪ್ಪು ಅಂಗಿಯ ಹುಡುಗ ಹುಡುಗಿಯರ ಸಾಲಿನಲ್ಲಿ, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಅಪ್ಪ ನಿಂತಿದ್ದರು. ಮಗ ಐದಕ್ಕೆ ಆ ಹಾಲಿಗೇ ಬರುವವನು. ಬಾಗಿಲಲ್ಲಿ ಒಬ್ಬಳು ಹುಡುಗಿ ಒಳಗೆ ಹೋಗುವವರ ಮಣಿಕಟ್ಟಿಗೆಲ್ಲ ಮುದ್ರೆ ಒತ್ತುತ್ತಿದ್ದಳು. ಮುರಿದ ಗಿಟಾರಿನ ಚಿತ್ರ, ಕೆಳಗೆ 'ಅಪ್ಪ ಒಡೆದದ್ದು'. ಮುದ್ರೆ ಇಲ್ಲದವರಿಗೆ ಪ್ರವೇಶವಿರಲಿಲ್ಲ.

ಅಪ್ಪನ ಸರದಿ ಬಂತು. ವೈದ್ಯರಿಗೆ ನಾಡಿ ತೋರಿಸುವವರ ಹಾಗೆ ಕೈ ಚಾಚಿದರು. ಹುಡುಗಿ ಒತ್ತಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಶಾಯಿ ಸರಿಯಾಗಿ ಮೂಡಲಿಲ್ಲ.

"ಇನ್ನೊಂದ್ಸಲ ಒತ್ತಮ್ಮ," ಅಂದರು ಅವರು, ಇನ್ನೊಂದು ಕೈಯಿಂದ ಆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು.