ನಾಲ್ಕನೇ ಮಂಚ

ಎರಡು ಸಾವಿರದ ಏಳನೇ ಇಸವಿ, ಕಾರ್ತಿಕದ ಚಳಿ, ಮಂಗಳವಾರ ದೀಪ ಹಚ್ಚುವ ಹೊತ್ತು. ಶಿವಮೊಗ್ಗದ ಹೊಸಮನೆಯಲ್ಲಿದ್ದ ಆರೈಕೆ ಮನೆಯಲ್ಲಿ ಕರಿಬಸಮ್ಮ ಗಂಡನ ಮಂಚ ಹಿಡಿದು ನಿಂತಿದ್ದಳು.

"ಉತ್ತರಕ್ಕೆ ತಲೆ ಹಾಕಿ ಯಾರಾದ್ರೂ ಮಲಗ್ಸ್ತಾರಾ? ಬೇರೆ ಮಂಚ ಕೊಡ್ರಿ."

ಗಂಡ ನಾಗಯ್ಯ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವನು. ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಮಂಚಗಳನ್ನೋ ನೆಲಕ್ಕೆ ಬಿಗಿದಿದ್ದರು, ತಿರುಗಿಸುವಂತಿರಲಿಲ್ಲ.

ಎದುರು ಸಾಲಿನ ನಾಲ್ಕನೇ ಮಂಚದಲ್ಲಿದ್ದ ಧರ್ಮಪ್ಪ ಸಕ್ಕರೆ ಕಾಯಿಲೆಯವನು. ಅವನು ನಕ್ಕ. "ನನ್ ಜಾಗಕ್ಕೆ ಬರ್ಲಿ ಬಿಡು ಮಾರಾಯ್ತಿ. ಯಮ ನನ್ನ ಹುಡುಕ್ಕೊಂಡು ಬಂದ್ರೆ ಮಂಚ ತಪ್ಪಿ ಹೋಗ್ಲಿ."

"ಕಂಪ್ಯೂಟರ್‌ಗೆ ಹಾಕ್ಸ್ಬೇಕಲ್ಲ ಅಣ್ಣ, ಅದನ್ನ ನೋಡ್ಕೊಳ್ಳೋ ಮುರಳಿ ಮನೆಗೆ ಹೋದ" ಎಂದಳು ಆಯಾ ಪುಟ್ಟಲಕ್ಷ್ಮಿ.

"ನಾಳೆ ಹಾಕ್ಸು. ಅದೇನು ರಾತ್ರಿ ಎದ್ದು ಮಂಚ ಎಣಿಸ್ತದಾ?"

ಇಬ್ಬರ ಮಂಚ ಅದಲುಬದಲಾಯಿತು; ಕರಿಬಸಮ್ಮ ಭದ್ರಾವತಿಯ ಬಸ್ಸು ಹತ್ತಿದಳು.

ಕಂಪ್ಯೂಟರ್ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೊದಲು ನರ್ಸ್‌ಗಳು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಮಾತು ಬಾರದವರ ಪರವಾಗಿ ಪಕ್ಕದವರು ಓಗೊಡುತ್ತಿದ್ದರು. ಸಂತೆ ಗದ್ದಲವೆಂದು ಡಾಕ್ಟರ್ ಶಿವಪ್ರಸಾದ್ ಅದನ್ನು ನಿಲ್ಲಿಸಿದ್ದರು. ಈಗ ಕಂಪ್ಯೂಟರಿನಿಂದ ಚೀಟಿ ಬರುತ್ತಿತ್ತು. ಅದರಲ್ಲಿ ಮಂಚದ ನಂಬರು, ಮುಂದೆ ಔಷಧಿ.

ಬುಧವಾರ ಬೆಳಗ್ಗೆ ಹೊಸ ನರ್ಸ್ ರಂಜಿನಿ ಚೀಟಿ ಹಿಡಿದು ಬಂದಳು. ಧರ್ಮಪ್ಪ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ. ನಾಲ್ಕನೇ ಮಂಚಕ್ಕೆ ಇನ್ಸುಲಿನ್ ಎಂದಿತ್ತು. ನಾಗಯ್ಯ ಎಡಗೈ ಅಡ್ಡ ಹಿಡಿದ.

"ಸೂಜಿ ಅಂದ್ರೆ ಹೆದರಿಕೆನಾ ಅಜ್ಜ? ಇರುವೆ ಕಚ್ಚಿದಂಗೆ, ಅಷ್ಟೇ." ಆ ಕೈಯನ್ನು ಮೆಲ್ಲಗೆ ಸರಿಸಿ ಚುಚ್ಚಿದಳು.

ಬಿಸಿಲು ಏರಿದ ಮೇಲೆ ಧರ್ಮಪ್ಪ ಒಳಗೆ ಬಂದ. ನಾಗಯ್ಯ ತಣ್ಣನೆಯ ಬೆವರಿನಲ್ಲಿ ತೊಯ್ದು ಹಲ್ಲು ಕಚ್ಚಿಕೊಂಡು ಬಿದ್ದಿದ್ದ.

"ನನ್ ಸೂಜಿ ಇವ್ನಿಗೆ ಹಾಕಿದ್ಯೇನೇ ಮಗಾ!"

ಡಾಕ್ಟರ್ ಓಡಿ ಬಂದು ಗ್ಲೂಕೋಸ್ ಹಾಕಿದರು. ಆಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಕರಿಬಸಮ್ಮ ಭದ್ರಾವತಿಯಿಂದ ಬಸ್ಸಿಳಿದು ಬರುವಾಗ ಅವನಿಗೆ ಎಚ್ಚರವಿರಲಿಲ್ಲ.

"ಕಂಪ್ಯೂಟರ್ ತಪ್ಪು ಹೇಳಿಲ್ಲಮ್ಮ. ಮಂಚ ಬದಲಾಯಿಸಿದ್ದರಿಂದ ಹೀಗಾಯ್ತು" ಎಂದರು ಡಾಕ್ಟರ್.

"ಬದಲಾಯ್ಸಿ ಅಂದಿದ್ದು ನಾನೇ ಸಾರ್" ಎಂದಳು ಕರಿಬಸಮ್ಮ. ಗಂಡನ ಕಾಲಿನ ಮೇಲೆ ಸೆರಗು ಹೊದೆಸಿ ಕೂತಳು.

ನಾಗಯ್ಯ ಹೋದದ್ದು ಗುರುವಾರ. ಶನಿವಾರ ರಂಜಿನಿ ಕೆಲಸ ಬಿಟ್ಟು ಊರಿಗೆ ಹೋದಳು. ಸೋಮವಾರ ಧರ್ಮಪ್ಪನನ್ನು ಅವನ ತಮ್ಮ ಕರೆದುಕೊಂಡು ಹೋದ. ಆಟೋ ತಿರುವು ದಾಟುವ ತನಕ ಪುಟ್ಟಲಕ್ಷ್ಮಿ ಗೇಟಿನಲ್ಲಿ ನಿಂತಿದ್ದಳು.