ಜಪದ ಕೌಂಟರ್

ಲಿಖಿತಾ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದಾಗ ಮಹಡಿ ಮೇಲಿರುವ ಮನೆ ಮಾಲೀಕರಾದ ಸಿದ್ದಗಂಗಮ್ಮ ಬಾಗಿಲಿಗೆ ಬಂದರು. ಲಿಖಿತಾಗೆ ಅದು, ಎದೆನೋವೆಂದು ಕೂತಲ್ಲೇ ಹೋದ ಗಂಡ ಶಶಿಕಾಂತನನ್ನು ಮಣ್ಣು ಮಾಡಿ, ಕಾರ್ಯ ಮುಗಿಸಿ, ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಗ್ಗೆ.

“ಈಗ ಕೇಳ್ಬಾರ್ದು ಕಣಮ್ಮ. ನಿಮ್ಮ ಯಜಮಾನ್ರು ನನ್ನ ಜಪದ ಕೌಂಟರ್ ತಗೊಂಡಿದ್ರು. ಇವತ್ತು ಸೋಮವಾರ ನೋಡು.”

“ಹುಡುಕಿ ತಂದ್ಕೊಡ್ತೀನಿ ಆಂಟಿ.”

“ಸೊನ್ನೆ ಒತ್ತಿಬಿಟ್ಟಿಲ್ಲ ತಾನೆ? ಶಿವರಾತ್ರಿಯಿಂದ ಮಾಡಿದ್ದೆಲ್ಲ ಅದರಲ್ಲೇ ಇದೆ.”

*

ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು, ಒತ್ತಿದಾಗೊಮ್ಮೆ ಒಂದು ಕೂಡುವ ಆ ಕೌಂಟರನ್ನು ಶಶಿಕಾಂತ ಒಂದು ದಿನ ಲಿಖಿತಾ ಜೊತೆ ದರ್ಶಿನಿ ಹೋಟೆಲಿಗೆ ಒಯ್ದಿದ್ದ. ಇಮೇಲ್ ಸರ್ವರ್‌ಗಳು ಎಷ್ಟು ಭಾರ ತಡೆಯುತ್ತವೆ ಎಂದು ಪರೀಕ್ಷಿಸುವುದು ಅವನ ಕೆಲಸ. ಆಫೀಸಿನವರು ಸುಳ್ಳು ಮೇಲ್‌ಗಳನ್ನು ನಲ್ಲಿ ನೀರಿನಂತೆ ಒಂದೇ ಸಮ ಬಿಟ್ಟು, ಸರ್ವರ್ ತಡೆಯುತ್ತದೆ ಎಂದು ಬರೆದುಕೊಡುತ್ತಿದ್ದರು. ನಿಜವಾದ ಮೇಲ್ ಬಂದ ದಿನ ಅದು ಮಲಗುತ್ತಿತ್ತು. ಮೇಲ್ ಬರುವ ಹೊತ್ತುಗಳನ್ನು ತಿಂಗಳುಗಟ್ಟಲೆ ನೋಡಿ ಅವನು ಕಾರಣ ಹಿಡಿದಿದ್ದ.

“ಗುಂಪುಗುಂಪಾಗಿ ಬರುತ್ತೆ ಕಣೇ. ಇಲ್ಲಿ ನೋಡು,” ಇಡ್ಲಿಗೆ ಜನ ಬಂದಂತೆಲ್ಲ ಒತ್ತುತ್ತಾ ಹೇಳಿದ. “ಒಬ್ಬ ಬಂದ್ರೆ ಹಿಂದೇನೇ ಹತ್ತು ಜನ. ಆಮೇಲೆ ಖಾಲಿ. ಆ ಹತ್ತು ಜನಕ್ಕೆ ತಡೆಯುತ್ತಾ ಅಂತ ಟೆಸ್ಟ್ ಮಾಡ್ಬೇಕು. ನಮ್ಮ ಮ್ಯಾನೇಜರ್‌ಗೆ ಚಾರ್ಟ್ ತೋರ್ಸಿದ್ರೆ ತಲೆಗೆ ಹೋಗಲ್ಲ. ಇಡ್ಲಿ ಅಂದ್ರೆ ಹೋಗುತ್ತೆ.”

“ನಂಗೆ ಕಾಫಿ ಹೇಳಿದ್ಯಾ?”

ಹೇಳಿರಲಿಲ್ಲ.

*

ರುದ್ರಭೂಮಿಗೂ ಜನ ಗುಂಪಾಗಿಯೇ ಬಂದರು. ಆಫೀಸಿನವರು ಒಂದೇ ವ್ಯಾನಿನಲ್ಲಿ ಬಂದು ಒಂದೇ ಸಲ ಕೈಮುಗಿದರು. ಮ್ಯಾನೇಜರ್ ಶಿವಕಿರಣ್ ಲಿಖಿತಾಳ ಭಾವನ ಜೊತೆ, ಅವಳಿಗೆ ಕೇಳುವಷ್ಟು ಹತ್ತಿರದ ಬೇವಿನ ಮರದಡಿ ನಿಂತಿದ್ದ.

“ನಮ್ದು ಹೊಸ ಟೆಸ್ಟಿಂಗ್ ಮೆಥಡ್ ಸಾರ್. ಮೇಲ್ ಗುಂಪಾಗಿ ಬರುತ್ತೆ ಅಂತ ನಾನು ಹಿಡಿದೆ. ದರ್ಶಿನೀಲಿ ಇಡ್ಲಿಗೆ ಬರೋ ಥರ. ಪಾಪ, ಶಶಿ ಸಖತ್ ಹೆಲ್ಪ್ ಮಾಡಿದ್ದ.”

“ಓಹೋ,” ಅಂದರು ಭಾವ.

ಆಮೇಲೆ ಅವನು ಅವಳ ಬಳಿಗೇ ಬಂದ. “ಮೇಡಂ, ಶಶಿದು ಆಫೀಸ್ ಲ್ಯಾಪ್‌ಟಾಪು... ಅವಸರ ಏನಿಲ್ಲ. ನಾಳೆ ಯಾರನ್ನಾದ್ರೂ ಕಳಿಸ್ಲಾ?”

ಹಿಡಿ ಮಣ್ಣು ಹಾಕಿ ಬಂದ ಕೈಯನ್ನು ಅವಳಿನ್ನೂ ತೊಳೆದಿರಲಿಲ್ಲ. “ಕಳ್ಸಿ,” ಅಂದಳು.

*

ಕೌಂಟರ್ ಶಶಿಕಾಂತನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಲ್ಯಾಪ್‌ಟಾಪ್ ಹೋಗಿಯಾಗಿತ್ತು. ಆಂಟಿಯ ಜಪದ ಲೆಕ್ಕದ ಮುಂದಕ್ಕೇ ಒತ್ತುತ್ತಾ ಹೋಗಿದ್ದ; ಅವನು ಎಣಿಸಿದ್ದು ಉಳಿದಿರುವುದು ಇದೊಂದರಲ್ಲೇ. ಸೊನ್ನೆ ಮಾಡುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಒತ್ತಿದರೆ ಅವನ ಈ ಲೆಕ್ಕವೂ ಇನ್ನೊಬ್ಬರದ್ದಾಗುವುದಿಲ್ಲ. ಅವನದಾಗಿಯೂ ಉಳಿಯುವುದಿಲ್ಲ. ಬೆರಳು ತೆಗೆದು ಮೆಟ್ಟಿಲು ಹತ್ತಿದಳು.

ಸಿದ್ದಗಂಗಮ್ಮ ಕನ್ನಡಕ ಏರಿಸಿ ನೋಡಿದರು. “ಶಿವನೇ, ಇಷ್ಟೊಂದು ಆಗಿತ್ತಾ ನಂದು? ಕಮ್ಮಿ ಅಂದ್ಕೊಂಡಿದ್ದೆ.”

“ನಿಮ್ದೇ ಆಂಟಿ.”

ಅವರ ಮುಖ ಅರಳಿತು. ಕೌಂಟರನ್ನು ಬೆರಳಿಗೆ ಹಾಕಿಕೊಂಡು ದೇವರ ಮನೆಯತ್ತ ತಿರುಗಿ, ಕಣ್ಣು ಮುಚ್ಚಿ, ಇಡ್ಲಿಗೆ ನಿಂತಿದ್ದ ಕೊನೆಯವನ ಮುಂದಿನ ಲೆಕ್ಕವನ್ನು ಒತ್ತಿದರು.